ಕ್ಯಾರೆಕ್ಟರ್ ಶೀಟ್‌ನಲ್ಲಿ ಕನ್ನಡ ಹೆಸರು ಚೌಕವಾಗುತ್ತಿತ್ತು: ಸರಿಯಾದ ಬಗೆ

ಪುಣೆಯ ನಮ್ಮ ಕನ್ನಡ ರೋಲ್‌ಪ್ಲೇ (ಪಾತ್ರ ವಹಿಸಿ ಆಡುವ) ಆಟದ ಗುಂಪಿಗಾಗಿ ಬಿಲ್ಡರ್‌ನಲ್ಲಿ, ಅಂದರೆ ಪಾತ್ರ ರೂಪಿಸುವ ಸಾಧನದಲ್ಲಿ, ಪಾತ್ರ ಮಾಡಿ ಅದರ ವಿವರದ ಹಾಳೆಯನ್ನು (ಕ್ಯಾರೆಕ್ಟರ್ ಶೀಟ್) ಪಿಡಿಎಫ್ ಆಗಿ ತೆಗೆದರೆ ಅಂಕಿಗಳೆಲ್ಲ ಸರಿ, ಹೆಸರು ಮತ್ತು ಹಿನ್ನೆಲೆ ಮಾತ್ರ ಖಾಲಿ ಚೌಕ. ಕೆಲವೆಡೆ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತಿತ್ತು.

ವಿಂಡೋಸ್‌ಗೆ ಹೊಸ ಫಾಂಟ್ ಹಾಕಿದ್ದು, ಪಿಡಿಎಫ್ ರೀಡರ್ ಬದಲಿಸಿದ್ದು ಎರಡೂ ವ್ಯರ್ಥ. ಯೂನಿಕೋಡ್ ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ಕಾರಣ ಶೀಟ್‌ನ ಒಳಗೇ ಇತ್ತು: ತುಂಬುವ ಖಾನೆಗಳಿಗೆ ಹೆಲ್ವೆಟಿಕಾ ನಿಗದಿಯಾಗಿತ್ತು, ಅದರಲ್ಲಿ ಕನ್ನಡ ಲಿಪಿಯೇ ಇಲ್ಲ.

ಪಿಡಿಎಫ್ ಎಕ್ಸ್‌ಪೋರ್ಟ್ ಬಿಟ್ಟುಬಿಡಿ. ಬಿಲ್ಡರ್‌ನ ಪ್ರಿಂಟ್ ವ್ಯೂ ಅನ್ನು ಕ್ರೋಮ್‌ನಲ್ಲಿ ತೆರೆಯಿರಿ. ಒತ್ತಕ್ಷರ ಜೋಡಿಸುವ ಕೆಲಸ ಬ್ರೌಸರ್‌ನದೇ. ಕಂಟ್ರೋಲ್+ಪಿ ಒತ್ತಿ, ಡೆಸ್ಟಿನೇಶನ್‌ನಲ್ಲಿ 'ಸೇವ್ ಆ್ಯಸ್ ಪಿಡಿಎಫ್' ಆರಿಸಿ. ಮೊದಲು ಪೇಪರ್ ಎ4, ಆಮೇಲೆ ಮಾರ್ಜಿನ್ 'ನನ್' (None), ಕೊನೆಗೆ ಸ್ಕೇಲ್ 97. ಶೀಟ್ ಅಮೆರಿಕದ ಲೆಟರ್ ಅಳತೆಯದು, ಅಗಲ 216 ಮಿ.ಮೀ.; ಎ4 ಬರೀ 210. ನೂರಕ್ಕೇ ಬಿಟ್ಟರೆ ಬಲಗಡೆಯ ಕಾಲಂ ತುಂಡಾಗುತ್ತದೆ. 'ಬ್ಯಾಕ್‌ಗ್ರೌಂಡ್ ಗ್ರಾಫಿಕ್ಸ್' ಆನ್ ಇರಲಿ, ಇಲ್ಲದಿದ್ದರೆ ಖಾನೆಗಳ ಬಣ್ಣ ಹೋಗುತ್ತದೆ.

ಝೆರಾಕ್ಸ್ ಅಂಗಡಿಗೆ ಒಯ್ಯುವ ಮುನ್ನ ಅಕ್ರೋಬ್ಯಾಟ್‌ನಲ್ಲಿ ಕಂಟ್ರೋಲ್+ಡಿ ಒತ್ತಿ, ಫಾಂಟ್ಸ್ ಟ್ಯಾಬ್ ನೋಡಿ. ಕನ್ನಡ ಫಾಂಟ್‌ನ ಮುಂದೆ 'ಎಂಬೆಡೆಡ್ ಸಬ್‌ಸೆಟ್' (ಬಳಸಿದ ಅಕ್ಷರಗಳು ಫೈಲ್‌ನೊಳಗೇ ಇವೆ) ಎಂದಿದ್ದರೆ ಅಂಗಡಿಯ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೂ ಸರಿಯಾಗಿ ಮುದ್ರಣವಾಗುತ್ತದೆ.