ಬೀಗ ಹಾಕಿದ ಖೋಲಿ, ಒಳಗೆ ನೀರಿನ ಸದ್ದು

ಸಾಕ್ಷ್ಯಚಿತ್ರ ಮಾಡಹೊರಟ ಹುಡುಗರು ಏನು ನೋಡಬೇಕೆಂದು ಕೇಳಿದರೆ ನಾನು ಹಳೆಯ ದೆವ್ವದ ಸಿನಿಮಾಗಳ ಹೆಸರು ಹೇಳುತ್ತೇನೆ. ತಮಾಷೆ ಅಂದುಕೊಳ್ಳುತ್ತಾರೆ. ಫ್ರಾನ್ಸಿನ ಜಾರ್ಜ್ ಫ್ರಾಂಜು 1949ರಲ್ಲಿ ಪ್ಯಾರಿಸ್ಸಿನ ಕಸಾಯಿಖಾನೆಗಳ ಮೇಲೆ ‘ಬ್ಲಡ್ ಆಫ್ ದಿ ಬೀಸ್ಟ್ಸ್’ ಎಂಬ ಕಿರು ಸಾಕ್ಷ್ಯಚಿತ್ರ ಮಾಡಿದ. 1960ರಲ್ಲಿ ಅದೇ ಮನುಷ್ಯ ‘ಐಸ್ ವಿದೌಟ್ ಎ ಫೇಸ್’ ಎಂಬ ಭಯಾನಕ ಚಿತ್ರ ತೆಗೆದ. ಎರಡನ್ನೂ ಒಂದರ ಹಿಂದೊಂದು ನೋಡಿ. ಒಂದರಲ್ಲಿ ಕಟುಕನ ಕೈ, ಇನ್ನೊಂದರಲ್ಲಿ ಸರ್ಜನ್ನನ ಕೈ. ಎರಡು ಕಡೆಯೂ ಕ್ಯಾಮೆರಾ ಬೆಚ್ಚದೆ ಕೆಲಸವನ್ನಷ್ಟೇ ನೋಡುತ್ತದೆ.

ಮುಂಬೈಯ ಪರೇಲಿನ ಒಂದು ಹಳೆಯ ಚಾಳಿನ, ಅಂದರೆ ಸಾಲು ಖೋಲಿಗಳ ವಠಾರದ ಮೇಲೆ ಚಿತ್ರ ಮಾಡುವಾಗ ಇದು ನನಗೆ ನೇರವಾಗಿ ಉಪಯೋಗಕ್ಕೆ ಬಂತು. ರೀಡೆವಲಪ್‌ಮೆಂಟಿಗೆ ಹೋಗುವ ಕಟ್ಟಡ. ಹೆಚ್ಚಿನವರು ಖೋಲಿ ಬಿಟ್ಟು, ಬೀಗ ಜಡಿದು ಹೋಗಿದ್ದರು. ಮೂರನೇ ಮಾಳಿಗೆಯಲ್ಲಿ ಉಳಿದಿದ್ದವರು ಕುಂದಾಪುರ ಕಡೆಯ ಒಬ್ಬ ಅಮ್ಮ. ಗಂಡ ಬಟ್ಟೆ ಮಿಲ್ಲಿನಲ್ಲಿದ್ದವರು, 1982ರ ಮಿಲ್ ಕಾರ್ಮಿಕರ ಮುಷ್ಕರದ ನಂತರ ಮತ್ತೆ ಕೆಲಸ ಸಿಗಲಿಲ್ಲ. ನೀರು ಬರುವುದು ನಸುಕಿನಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಪೈಪಿನೊಳಗಿನ ಗಾಳಿ ಹೊರಟು, ಮುದುಕರು ಗಂಟಲು ಸರಿಮಾಡಿಕೊಂಡ ಹಾಗೆ ಸದ್ದಾಗುತ್ತದೆ. ಒಂದು ದಿನ ಆ ಸದ್ದು ಪಕ್ಕದ ಬೀಗ ಹಾಕಿದ ಖೋಲಿಯಿಂದ ಬಂತು. ಆಮೇಲೆ ಧೋ ಎಂದು ನೀರು. ನೀರಿಲ್ಲದ ಹೊತ್ತಲ್ಲಿ ನಲ್ಲಿ ತಿರುಗಿಸಿ, ಬಂದ್ ಮಾಡುವುದನ್ನು ಮರೆತು ಹೋಗಿದ್ದರು, ಅಷ್ಟೇ. ಆದರೆ ಯಾರೂ ಇಲ್ಲದ ಕತ್ತಲೆ ಗ್ಯಾಲರಿಯಲ್ಲಿ ನಿಂತು ಕೇಳಿದಾಗ ನನ್ನ ಮೈ ಜುಮ್ಮೆಂದಿತು.

1942ರ ‘ಕ್ಯಾಟ್ ಪೀಪಲ್’ನಲ್ಲಿ ರಾತ್ರಿ ಒಬ್ಬಂಟಿ ನಡೆಯುವ ಹೆಂಗಸಿನ ಹಿಂದೆ ಏನೋ ಬರುತ್ತಿದೆ ಅನ್ನಿಸುವಾಗ ಫಕ್ಕನೆ ಬಸ್ಸಿನ ಬ್ರೇಕು ಬುಸುಗುಟ್ಟುತ್ತದೆ. ದಿನಾ ಕೇಳುವ ಊರಿನ ಸದ್ದು, ಅಲ್ಲಿ ಪ್ರಾಣಿ ಹಾರಿದಷ್ಟೇ ಹೆದರಿಸುತ್ತದೆ. ಆ ಚಿತ್ರದ ನಿರ್ಮಾಪಕ ವ್ಯಾಲ್ ಲ್ಯೂಟನ್‌ನ ಗರಡಿಯಲ್ಲೇ ನಿರ್ದೇಶನ ಶುರುಮಾಡಿದ ರಾಬರ್ಟ್ ವೈಸ್, 1963ರ ‘ದಿ ಹಾಂಟಿಂಗ್’ನಲ್ಲಿ ದೆವ್ವವನ್ನು ತೋರಿಸುವುದೇ ಇಲ್ಲ. ಬಾಗಿಲಿನ ಆಚೆ ಬಡಿತ; ಬಾಗಿಲು ಒಳಕ್ಕೆ ಉಬ್ಬುತ್ತದೆ. ಮುಗಿಯಿತು. ನಾನೂ ಬಾಗಿಲ ಮುಂದೆಯೇ ಕ್ಯಾಮೆರಾ ಇಡುವುದೆಂದು ನಿರ್ಧರಿಸಿದೆ. ಫ್ರೇಮಿನಲ್ಲಿ ಅಕ್ಕಪಕ್ಕದ ಎರಡು ಬಾಗಿಲು, ಎರಡಕ್ಕೂ ಬೀಗ. ಸದ್ದು ಯಾವುದರಿಂದ ಎಂದು ನೋಡುವವರೇ ಹುಡುಕಲಿ. ಸಂಗೀತ ಬೇಡ.

ಕಷ್ಟ ಶುರುವಾದದ್ದು ಇಲ್ಲಿ. ಆ ನಸುಕಿನಲ್ಲಿ ಕೈಯಲ್ಲಿದ್ದದ್ದು ಸೌಂಡ್ ರೆಕಾರ್ಡರ್ ಮಾತ್ರ. ಬಾಗಿಲ ಶಾಟ್ ತೆಗೆದದ್ದು ಬೇರೆ ದಿನ. ಅಷ್ಟರಲ್ಲಿ ಯಾರೋ ಬಂದು ನಲ್ಲಿ ಬಂದ್ ಮಾಡಿದ್ದರು. ಎರಡನ್ನೂ ಕೂಡಿಸಿದೆ. ಇದು ಮೋಸವೇ? 1922ರ ‘ನಾನೂಕ್ ಆಫ್ ದಿ ನಾರ್ತ್’ ಸಾಕ್ಷ್ಯಚಿತ್ರದಲ್ಲಿ ಹಿಮದ ಮನೆಯೊಳಗೆ ಕ್ಯಾಮೆರಾಕ್ಕೆ ಬೆಳಕು ಸಾಲದೆಂದು ನಿರ್ದೇಶಕ ಫ್ಲಾಹರ್ಟಿ ಒಂದು ಪಕ್ಕ ತೆರೆದಿಟ್ಟ ಅರ್ಧ ಮನೆಯನ್ನೇ ಕಟ್ಟಿಸಿ, ಅದರಲ್ಲಿ ಸಂಸಾರ ಮಲಗಿ ಏಳುವುದನ್ನು ತೆಗೆದ. ಅವನನ್ನು ಬೈಯುವವರು ಇಂದಿಗೂ ಇದ್ದಾರೆ, ಆ ಬೈಗುಳದಲ್ಲಿ ನ್ಯಾಯವೂ ಇದೆ. ನನ್ನ ಲೆಕ್ಕ ಹೀಗೆ: ಅದೇ ಬಾಗಿಲು, ಅದೇ ಖೋಲಿಯ ಸದ್ದು, ದಿನ ಮಾತ್ರ ಬೇರೆ, ಇದಕ್ಕೆ ನನ್ನ ಮನಸ್ಸು ಒಪ್ಪುತ್ತದೆ. ಸಹಾಯಕ ಹುಡುಗ ಒಂದು ಬಕೆಟ್ ನೀರು ತಂದು, ‘ಸರ್, ಹೊಸ್ತಿಲಿಗೆ ಸ್ವಲ್ಪ ಹಾಕೋಣ, ಒಳಗಿಂದ ಹರಿದು ಬಂದ ಹಾಗೆ ಕಾಣುತ್ತೆ’ ಎಂದ. ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ನೀರೆಲ್ಲ ಒಳಗಿನ ಮೋರಿಯಲ್ಲಿ ಹೋಗಿತ್ತು, ಹೊಸ್ತಿಲು ಒದ್ದೆಯಾಗಿರಲೇ ಇಲ್ಲ. ಬಕೆಟ್ ವಾಪಸ್ ಹೋಯಿತು.

ಎಡಿಟಿಂಗ್ ಟೇಬಲ್ಲಿನಲ್ಲಿ ಇನ್ನೊಂದು ಜಗಳ. ಸದ್ದು ಏರುವಾಗ ಅಮ್ಮನ ಮುಖದ ಕ್ಲೋಸಪ್ ಹಾಕೋಣ ಎಂದು ಎಡಿಟರ್ ಹಟ ಹಿಡಿದ. ವೈಸ್ ಕೂಡ ಬಾಗಿಲಿಂದ ಮುಖಕ್ಕೆ, ಮುಖದಿಂದ ಬಾಗಿಲಿಗೆ ಹೋಗುತ್ತಾನಲ್ಲ ಎಂದು ನನ್ನ ಬಾಯಿ ಮುಚ್ಚಿಸಲು ನೋಡಿದ. ಅಲ್ಲಿ ನಟಿಯರು ಹೆದರಬೇಕಿತ್ತು, ಹೆದರಿದರು. ಇಲ್ಲಿ ಅಮ್ಮ ಆ ಹೊತ್ತಿಗೆ ಡ್ರಮ್ಮು ತುಂಬಿಸುತ್ತಿದ್ದರು. ಬೇರೆಲ್ಲೋ ತೆಗೆದ ಅವರ ಮುಖವನ್ನು ಇಲ್ಲಿ ಅಂಟಿಸಿದರೆ ಪಡದ ಭಯವನ್ನು ಅವರ ತಲೆಗೆ ಕಟ್ಟಿದಂತೆ. ಬಾಗಿಲುಗಳೇ ಉಳಿದವು. ಶಾಟ್ ಉದ್ದವಾಯಿತೆಂದು ಅವನು ಈಗಲೂ ಗೊಣಗುತ್ತಾನೆ.

ಚಿತ್ರ ಮುಗಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಅಮ್ಮನಿಗೆ ತೋರಿಸಿದೆ. ಬಾಗಿಲು ಬಂತು, ನೀರಿನ ಸದ್ದು ಬಂತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

‘ಅಲ್ಲ ಮಾರಾಯ, ಇದನ್ನು ರೆಕಾರ್ಡ್ ಮಾಡ್ತಾ ನಿಂತದ್ದಾ ನೀನು? ಸೆಕ್ರೆಟರಿ ಹತ್ರ ಚಾವಿ ಉಂಟಲ್ಲ! ಎಷ್ಟು ನೀರು ಹಾಳಾಯ್ತು!’