ಪೆಟ್ ಸ್ಕ್ಯಾನ್: ಹಿಂದಿನ ದಿನವೇ ಶುರುವಾಗುವ ಕೆಲಸ

ನಾನು ಬೆಳಗಾವಿಯಲ್ಲಿ ಪೆಟ್-ಸಿಟಿ ಟೆಕ್ನಾಲಜಿಸ್ಟ್. ದೇಹದಲ್ಲಿ ಕ್ಯಾನ್ಸರ್ ಎಲ್ಲೆಲ್ಲಿದೆ ಅಂತ ನೋಡಲು ಹೆಚ್ಚಾಗಿ ಈ ಸ್ಕ್ಯಾನ್ ಮಾಡುತ್ತೇವೆ. ಎಲ್ಲರೂ ಮಷಿನ್ ಬಗ್ಗೆ ಕೇಳುತ್ತಾರೆ. ಆದರೆ ಚಿತ್ರ ಚೆನ್ನಾಗಿ ಬರುತ್ತೋ ಇಲ್ವೋ ಅನ್ನೋದು ಹಿಂದಿನ ದಿನ ನಾನು ಮಾಡುವ ಫೋನಿನಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ.

ನಾನು ಮೊದಲು ಕೇಳುವುದು ಇದು: "ಇವತ್ತ ಏನ್ ಕೆಲಸ ಮಾಡೀರಿ?" ನಮ್ಮಲ್ಲಿಗೆ ರಾಯಬಾಗ, ಅಥಣಿ, ಗೋಕಾಕ ಕಡೆಯ ರೈತರು ಬಹಳ ಬರುತ್ತಾರೆ. ಹಂಗಾಮಿನಲ್ಲಿ ಹಿಂದಿನ ದಿನವೂ ಕಬ್ಬು ಕಡಿದಿರುತ್ತಾರೆ. ನಾವು ಚುಚ್ಚುವ ಎಫ್‌ಡಿಜಿ ಅಂದರೆ ಗ್ಲುಕೋಸ್‌ನಂಥದ್ದೇ, ಅದಕ್ಕೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿರುತ್ತಾರೆ. ಹೆಚ್ಚಿನ ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುತ್ತವೆ. ಎಫ್‌ಡಿಜಿ ಮಾಮೂಲಿ ಸಕ್ಕರೆಯ ಹಾಗೆ ಖರ್ಚಾಗದೆ ಕೋಶದೊಳಗೇ ಸಿಕ್ಕಿಕೊಳ್ಳುತ್ತದೆ, ಅದು ಸೇರಿದ ಜಾಗ ಚಿತ್ರದಲ್ಲಿ ಹೊಳೆಯುತ್ತದೆ. ಆದರೆ ದುಡಿದ ರಟ್ಟೆಯೂ ಸಕ್ಕರೆ ಎಳೆಯುತ್ತದೆ. ಭುಜವೆಲ್ಲ ಹೊಳೆದರೆ ಕಂಕುಳಿನ ಸಣ್ಣ ಗಂಟು ಅದರಲ್ಲಿ ಮುಚ್ಚಿಹೋಗಬಹುದು. ಅದಕ್ಕೇ ಹಿಂದಿನ ದಿನ ಭಾರದ ಕೆಲಸ ಬೇಡ ಅಂತ ಬಿಡಿಸಿ ಹೇಳುತ್ತೇನೆ.

ಎರಡನೆಯದು ಉಪವಾಸ. ಕನಿಷ್ಠ 4ರಿಂದ 6 ತಾಸು ಏನೂ ತಿನ್ನಬಾರದು, ಬರೀ ನೀರು ಮಾತ್ರ. "ಒಂದ ಕಪ್ ಚಾ ಕುಡದೇನಿ ಅಷ್ಟರಿ" ಅನ್ನುತ್ತಾರೆ. ಆ ಚಹಾದ ಸಕ್ಕರೆಗೆ ದೇಹ ಇನ್ಸುಲಿನ್ ಬಿಡುತ್ತದೆ. ಇನ್ಸುಲಿನ್ ನಮ್ಮ ಔಷಧವನ್ನೂ ಸ್ನಾಯುಗಳಿಗೇ ತಳ್ಳುತ್ತದೆ. ಶುಗರ್ ಇರುವವರಿಗೆ ಗುಳಿಗೆ, ಇಂಜೆಕ್ಷನ್ ಯಾವಾಗ ತಗೊಳ್ಳಬೇಕು ಅಂತ ಡಾಕ್ಟರನ್ನು ಕೇಳಿಯೇ ಹೇಳುತ್ತೇವೆ. ರಕ್ತದಲ್ಲಿ ಶುಗರ್ 200 ದಾಟಿದ್ದರೆ ಸಾಮಾನ್ಯವಾಗಿ ಬೇರೆ ದಿನ ಕರೆಯುತ್ತೇವೆ.

ಹಾಗೆ ಮುಂದೆ ಹಾಕುವುದು ಸುಮ್ನೆ ಆಗುವುದಿಲ್ಲ. ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗುತ್ತದೆ. ಸೈಕ್ಲೋಟ್ರಾನ್ ಎಂಬ ದೊಡ್ಡ ಯಂತ್ರದಲ್ಲಿ ತಯಾರಾಗಿ ಸೀಸದ ಡಬ್ಬಿಯಲ್ಲಿ ಬಂದ ಔಷಧವನ್ನು ನಾಳೆಗೆ ಎತ್ತಿಡಲು ಬರುವುದಿಲ್ಲ. ತಡವಾಗಿ ಬಂದವರಿಗೆ ಅಷ್ಟೇ ಡೋಸ್ ಕೊಡಬೇಕೆಂದರೆ ಸಿರಿಂಜಿಗೆ ಜಾಸ್ತಿ ಎಳೆಯಬೇಕು. ಕೆಲವು ಸಲ ಡಬ್ಬಿಯಲ್ಲಿ ಅಷ್ಟು ಉಳಿದಿರುವುದೇ ಇಲ್ಲ.

ಇಂಜೆಕ್ಷನ್ ಆದ ಮೇಲೆ ಸುಮಾರು ಒಂದು ತಾಸು ಬೆಚ್ಚಗೆ ಹೊದ್ದು ಮಲಗಬೇಕು. ಮಾತು ಬೇಡ, ಮೊಬೈಲ್ ಬೇಡ. ನಮ್ಮ ಕಡೆ ಬಾಯಲ್ಲಿ ಅಡಕಿ, ತಂಬಾಕು ಇಟ್ಟುಕೊಳ್ಳುವವರು ಬಹಳ. ಬಾಯಿ ಕ್ಯಾನ್ಸರ್‌ಗೆ ಬಂದವರೇ ಚೀಲ ತಡಕಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಗಿದರೆ ದವಡೆಯ ಸ್ನಾಯು ಹೊಳೆಯುತ್ತದೆ, ಮಾತಾಡಿದರೆ ಗಂಟಲು. ನೋಡಬೇಕಾದ ಜಾಗವೇ ಅದು, ಅಲ್ವಾ?

ಮೂತ್ರಕ್ಕೆ ಹೋಗಿ ಬಂದ ಮೇಲೆ ಸ್ಕ್ಯಾನ್, ಬಹುತೇಕ ಅರ್ಧ ತಾಸಿನೊಳಗೆ ಮುಗಿಯುತ್ತದೆ. ಔಷಧದಿಂದ ಹೊರಟ ಪಾಸಿಟ್ರಾನ್ (ಎಲೆಕ್ಟ್ರಾನಿನಂಥದ್ದೇ, ಆದರೆ ಧನ ವಿದ್ಯುತ್ತಿನ ಕಣ) ಪಕ್ಕದ ಎಲೆಕ್ಟ್ರಾನಿಗೆ ತಾಗಿದರೆ ಎರಡೂ ಇಲ್ಲವಾಗಿ, ಎರಡು ಗಾಮಾ ಕಿರಣ ಎದುರುಬದುರು ದಿಕ್ಕಿಗೆ ಹೊರಡುತ್ತವೆ. ಮಷಿನಿನ ಬಳೆಯಲ್ಲಿರುವ ಡಿಟೆಕ್ಟರ್‌ಗಳು ಒಟ್ಟಿಗೆ ಬಂದ ಜೋಡಿಯನ್ನು ಹಿಡಿದು, ಅವು ಯಾವ ಗೆರೆಯ ಮೇಲಿನಿಂದ ಬಂದವು ಅಂತ ಲೆಕ್ಕ ಹಾಕುತ್ತವೆ. ಅದೇ ಮಷಿನಿನ ಸಿಟಿ, ಅಂದರೆ ಎಕ್ಸ್-ರೇ ಸ್ಕ್ಯಾನ್, ಅದಕ್ಕೆ ದೇಹದ ನಕ್ಷೆ ಕೊಡುತ್ತದೆ.

ಹೊಳೆದದ್ದೆಲ್ಲ ಕ್ಯಾನ್ಸರ್ ಅಲ್ಲ. ಮಿದುಳು ಯಾವಾಗಲೂ ಹೊಳೆಯುತ್ತದೆ, ಮೂತ್ರಕೋಶವೂ. ಟಿಬಿ ಗಂಟಂತೂ ಕ್ಯಾನ್ಸರಿನ ಹಾಗೇ ಹೊಳೆಯಬಲ್ಲದು. ಪರದೆಯಲ್ಲಿ ಚುಕ್ಕೆ ಕಂಡ ಮನೆಯವರು ಅಳಲು ಶುರು ಮಾಡುತ್ತಾರೆ. "ಅಕ್ಕಾರ, ತಡೀರಿ, ಡಾಕ್ಟರ್ ರಿಪೋರ್ಟ್ ಬರಲಿ" ಅನ್ನುತ್ತೇನೆ. ಎಷ್ಟೋ ಸಲ ಬಯಾಪ್ಸಿ ಸೂಜಿ ಎಲ್ಲಿ ಹಾಕಬೇಕು ಅಂತ ತೋರಿಸುವುದೇ ಪೆಟ್‌ನ ದೊಡ್ಡ ಉಪಕಾರ. ಲಿಂಫೋಮಾ ಎಂಬ ದುಗ್ಧರಸ ಗ್ರಂಥಿಗಳ ಕ್ಯಾನ್ಸರಿನಲ್ಲಿ ಕೀಮೋ ನಾಟಿದೆಯಾ ಅನ್ನುವುದೂ ಇದರಲ್ಲಿ ಗೊತ್ತಾಗುತ್ತದೆ.

ಮನೆಗೆ ಹೋಗಿ ನೀರು ಜಾಸ್ತಿ ಕುಡಿಯಿರಿ. ಆ ದಿನ ಬಸುರಿಯರಿಂದ, ಎಳೆ ಮಕ್ಕಳಿಂದ ದೂರ ಇರಿ. ಮುಂದಿನ ಸಲ ಬರುವಾಗ ಹಳೆಯ ಸ್ಕ್ಯಾನಿನ ಸಿಡಿ ತನ್ನಿ, ಬರೀ ಕಾಗದದ ರಿಪೋರ್ಟ್ ಸಾಲದು. ಎರಡೂ ಚಿತ್ರ ಪಕ್ಕಪಕ್ಕ ಇಟ್ಟರೆ ಗಂಟು ಕುಗ್ಗಿದೆಯೋ ಬೆಳೆದಿದೆಯೋ ಅಂತ ಡಾಕ್ಟರ್ ನೇರವಾಗಿ ಹೋಲಿಸಬಹುದು.