ಸಣ್ಣ ಉಂಗುರದ ಗಾಳದ ಕೋಲಿಗೆ ಯಾವ ದಾರ, ಯಾವ ಗಂಟು?

ಹೊನ್ನಾವರದ ಹತ್ತಿರ ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಒಂದು ಬೆಳಿಗ್ಗೆ ಹೊಸ ಕೋಲು ಹಿಡಿದು ನಿಂತಿದ್ದೆ. ನೀರು ಇಳಿಯುವ ಹೊತ್ತು. ಮೊದಲ ಎಸೆತಕ್ಕೇ 'ಟಪ್' ಅಂತ ಸದ್ದು ಬಂತು. ಲ್ಯೂರ್ (ಮೀನಿಗೆ ಆಸೆ ಹುಟ್ಟಿಸುವ ಕೃತಕ ಎರೆ) ತನ್ನ ಲೀಡರ್ (ಮುಖ್ಯ ದಾರಕ್ಕೂ ಲ್ಯೂರ್‌ಗೂ ನಡುವೆ ಕಟ್ಟುವ ಗಟ್ಟಿ ದಾರದ ತುಂಡು) ಸಮೇತ ದೂರ ಹಾರಿ ನೀರಿಗೆ ಬಿತ್ತು. ದಾರ ಹಾಯಲು ಕೋಲಿಗೆ ಉದ್ದಕ್ಕೂ ಕೂರಿಸಿದ ಉಂಗುರಗಳಲ್ಲಿ ತುದಿಯಿಂದ ಮೂರನೆಯದರಲ್ಲಿ ಬ್ರೇಡ್‌ನ (ಸಣ್ಣ ಎಳೆಗಳನ್ನು ಹೆಣೆದು ಮಾಡಿದ ಮುಖ್ಯ ದಾರ) ಒಂದು ಮುದ್ದೆ ಮಾತ್ರ ಸಿಕ್ಕಿಕೊಂಡಿತ್ತು. 40 ಪೌಂಡ್ ಎಳೆತ ತಾಳುವ ಲೀಡರ್‌ಗೆ ಹಾಕಿದ್ದ ದಪ್ಪ ಗಂಟು ಅಷ್ಟು ಸಣ್ಣ ಉಂಗುರದಲ್ಲಿ ದಾಟಲೇ ಇಲ್ಲ. ಎಸೆತದ ಜೋರಿಗೆ ಲೀಡರ್ ಗಂಟಿನಿಂದ ಕಿತ್ತುಕೊಂಡು ಹೋಗಿತ್ತು.

ಈಗ ಬರುವ ಹಗುರ ಕೋಲುಗಳಲ್ಲಿ ತುದಿ ಕಡೆ ಉಂಗುರಗಳು ತುಂಬಾ ಚಿಕ್ಕವು. ತುದಿ ಹಗುರವಾಗುತ್ತದೆ, ದಾರ ಕೋಲಿಗೆ ಹತ್ತಿರದಲ್ಲೇ ಹರಿಯುತ್ತದೆ, ಮೀನು ಮುಟ್ಟಿದ್ದು ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ಒಳ್ಳೆಯದೇ. ಆದರೆ ಇಂಥ ಕೋಲು ತಂದ ಮೇಲೆ ದಾರ, ಲೀಡರ್, ಗಂಟು ಮೂರನ್ನೂ ಒಟ್ಟಿಗೆ ಯೋಚಿಸಬೇಕು.

ಮೊದಲು ಉಂಗುರ ನೋಡಿ

ಉಂಗುರಕ್ಕೆ 4, 4.5, 5.5 ಅಂತ ಅಳತೆ ಹೇಳುತ್ತಾರೆ ಅಲ್ವಾ, ಅದು ಸಾಮಾನ್ಯವಾಗಿ ರಿಂಗಿನ ಹೊರಗಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ದಾರ ಹಾಯುವ ತೂತು ಅದಕ್ಕಿಂತ ಸಾಕಷ್ಟು ಚಿಕ್ಕದು. ಹಾಗಾಗಿ ಸಂಖ್ಯೆ ನಂಬಿ ಕೂರಬೇಡಿ, ತೂತನ್ನೇ ಕಣ್ಣಾರೆ ನೋಡಿ. ಕೋಲಿನಲ್ಲಿ ಎಲ್ಲಕ್ಕಿಂತ ಸಣ್ಣ ಉಂಗುರ ಯಾವುದೋ ಅದೇ ನಿಮ್ಮ ಅಳತೆಗೋಲು.

ದಾರ ಮತ್ತು ಲೀಡರ್

ರೀಲಿಗೆ ಬ್ರೇಡ್ ಇರಲಿ. ಅಷ್ಟೇ ಬಲದ ನೈಲಾನ್ ದಾರಕ್ಕಿಂತ ಇದು ಬಹಳ ತೆಳು. 20 ಪೌಂಡ್‌ನ ನೈಲಾನ್ ದಾರ ಹೆಚ್ಚುಕಡಿಮೆ 0.4 ಮಿ.ಮೀ. ದಪ್ಪ ಇದ್ದರೆ, ಪಿಇ 1 ನಂಬರಿನ (ಪಿಇ ಅಂದರೆ ಬ್ರೇಡ್‌ನ ದಪ್ಪ ಹೇಳುವ ಅಳತೆ) ಬ್ರೇಡ್ ಬರೀ 0.165 ಮಿ.ಮೀ. ಡಬ್ಬಿಯ ಮೇಲಿನ ಪೌಂಡ್ ಲೆಕ್ಕ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅದಕ್ಕೇ ಪಿಇ ನಂಬರ್ ಅಥವಾ ಮಿಲಿಮೀಟರ್ ನೋಡಿ ಕೊಳ್ಳುವುದು ವಾಸಿ. ಎಂಟೆಳೆಯ ಬ್ರೇಡ್ ನಾಲ್ಕೆಳೆಯದಕ್ಕಿಂತ ನುಣುಪು, ಸಣ್ಣ ಉಂಗುರದಲ್ಲಿ ಸದ್ದಿಲ್ಲದೆ ಜಾರುತ್ತದೆ.

ಬ್ರೇಡ್‌ಗೆ ಒಂದು ದೊಡ್ಡ ದೋಷ ಇದೆ. ಕಲ್ಲು, ಚಿಪ್ಪು, ಕಾಂಡ್ಲಾ ಬೇರು ತಾಗಿದರೆ ಪಟ್ಟನೆ ಕತ್ತರಿಸಿಹೋಗುತ್ತದೆ. ಕೆಂಬೇರಿಯಂಥ ಮೀನು ಕಚ್ಚಿದ ಕೂಡಲೇ ಬೇರಿನ ಸಂದಿಗೇ ನುಗ್ಗುತ್ತದೆ. ಆದ್ದರಿಂದ ತುದಿಗೆ ಫ್ಲೋರೋಕಾರ್ಬನ್ ಲೀಡರ್ ಬೇಕೇ ಬೇಕು. ಅದು ಗಟ್ಟಿ, ಸವೆತ ತಡೆಯುತ್ತದೆ, ನೀರು ಹೀರುವುದಿಲ್ಲ. ನೈಲಾನ್ ನೀರು ಹೀರಿ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ.

ಇಲ್ಲೇ ಹೆಚ್ಚಿನವರು ಎಡವುವುದು. ಗಂಟಿನ ದಪ್ಪವನ್ನು ತೀರ್ಮಾನಿಸುವುದು ಬ್ರೇಡ್ ಅಲ್ಲ, ಲೀಡರ್. 4 ಅಥವಾ 4.5ರ ಉಂಗುರ ಇದ್ದರೆ ನಾನು ಪಿಇ 0.6ರಿಂದ 1ರವರೆಗಿನ ಬ್ರೇಡ್, 12ರಿಂದ 16 ಪೌಂಡ್ ಲೀಡರ್ ಬಳಸುತ್ತೇನೆ. 5.5ಕ್ಕೆ ಪಿಇ 1.5, ಲೀಡರ್ 20–25 ಪೌಂಡ್. ಅದಕ್ಕಿಂತ ದಪ್ಪ ಲೀಡರ್ ಬೇಕೇ ಬೇಕು ಅನ್ನುವ ಜಾಗದಲ್ಲಿ ಲೀಡರನ್ನು 60–70 ಸೆಂಟಿಮೀಟರ್‌ಗೆ ಇಳಿಸಿ, ಎಸೆಯುವಾಗ ಗಂಟು ತುದಿ ಉಂಗುರದ ಹೊರಗೇ ಇರುವ ಹಾಗೆ ನೋಡಿಕೊಳ್ಳಿ. ಗಂಟು ಒಳಗೇ ಬಾರದಿದ್ದರೆ ಸಿಕ್ಕಿಕೊಳ್ಳುವ ಮಾತೇ ಇಲ್ಲ.

ಎಫ್‌ಜಿ ಗಂಟು ಹಾಕುವುದು ಹೀಗೆ

ಸಣ್ಣ ಉಂಗುರಕ್ಕೆ ಎಫ್‌ಜಿಗೆ ಸಮನಾದ ಗಂಟು ಕೈಯಲ್ಲಿ ಹಾಕುವಂಥದ್ದು ಇನ್ನೊಂದಿಲ್ಲ ಅನ್ನುವುದು ನನ್ನ ಅನುಭವ. ಬೇರೆ ಹೆಚ್ಚಿನ ಗಂಟುಗಳಲ್ಲಿ ಲೀಡರ್ ಮಡಚಿಕೊಳ್ಳುತ್ತದೆ, ದಪ್ಪ ಎರಡರಷ್ಟು ಆಗುತ್ತದೆ. ಎಫ್‌ಜಿಯಲ್ಲಿ ಲೀಡರ್ ನೇರವಾಗಿಯೇ ಇರುತ್ತದೆ, ಬ್ರೇಡ್ ಅದರ ಸುತ್ತ ಹೆಣೆದುಕೊಂಡು ಕಚ್ಚುತ್ತದೆ. ಎಳೆದಷ್ಟೂ ಬಿಗಿ.

ಕಲಿಯುವಾಗ ಮನೆಯಲ್ಲೇ ಕೂತು ಮಾಡಿ. ಲೀಡರ್‌ನ ಉದ್ದದ ಕಡೆಯನ್ನು ಕಿಟಕಿ ಸರಳಿಗೆ ಕಟ್ಟಿ. ಇನ್ನೊಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಲೀಡರನ್ನು ಬಿಗಿ ಮಾಡಿ. ಕೋಲಿನಿಂದ ಬರುವ ಬ್ರೇಡನ್ನು ಒಂದು ಕೈಯಲ್ಲಿ, ಅದರ ಬಾಲವನ್ನು ಇನ್ನೊಂದು ಕೈಯಲ್ಲಿ ಹಿಡಿದು ಲೀಡರ್‌ಗೆ ಅಡ್ಡ ಇಡಿ. ಬಾಲ ಒಂದು ಮೊಳವಾದರೂ ಇರಲಿ.

ಇನ್ನು ಹೆಣೆಯುವುದು. ಶಾಲೆಗೆ ಹೋಗುವ ಹುಡುಗಿಯ ಜಡೆಗೆ ಟೇಪು ಸುತ್ತುವುದನ್ನು ನೆನಪಿಸಿಕೊಳ್ಳಿ. ಎರಡೂ ತುದಿಗಳು ಜಡೆಯ ಮುಂದೆ ಒಮ್ಮೆ, ಹಿಂದೆ ಒಮ್ಮೆ ಒಂದನ್ನೊಂದು ಅಡ್ಡ ಹಾಯುತ್ತವೆ. ಇದೂ ಹಾಗೆಯೇ. ಕಿಟಕಿ ಕಡೆಯಿಂದ ಶುರು ಮಾಡಿ ನಿಮ್ಮ ಬಾಯಿಯ ಕಡೆ ಬನ್ನಿ. ಒಂದರ ಪಕ್ಕ ಒಂದು, ಸುಮಾರು 20 ಅಡ್ಡಹಾಯ್ದ ಸುತ್ತು. ಸುತ್ತುಗಳು ಒಂದರ ಮೇಲೊಂದು ಏರಬಾರದು. ಪ್ರತಿ ಸುತ್ತಿಗೂ ಎರಡೂ ಕೈ ಸಮನಾಗಿ ಎಳೆಯಬೇಕು. ನಡುವೆ ಸಡಿಲ ಬಿಟ್ಟರೆ ಮೊದಲಿಂದ ಶುರು ಮಾಡುವುದೇ ಒಳ್ಳೆಯದು.

ಸುತ್ತು ಮುಗಿದ ಮೇಲೆ ಬ್ರೇಡ್‌ನ ಬಾಲದಿಂದ, ಲೀಡರ್ ತುದಿ ಮತ್ತು ಮುಖ್ಯ ದಾರ ಎರಡನ್ನೂ ಸೇರಿಸಿ ಎರಡು ಅರೆಗಂಟು (ಒಮ್ಮೆ ಸುತ್ತಿ, ತುದಿಯನ್ನು ಆ ಕುಣಿಕೆಯೊಳಗಿಂದ ತೂರಿಸಿ ಎಳೆಯುವ ಗಂಟು) ಹಾಕಿ. ಈಗ ಉಗುಳು ಹಚ್ಚಿ ಒದ್ದೆ ಮಾಡಿ. ಒಣಗಿದ್ದಾಗ ಎಳೆದರೆ ಉಜ್ಜಿದ ಬಿಸಿಗೆ ದಾರ ಸೊರಗುತ್ತದೆ. ಕೈಗೆ ಬಟ್ಟೆ ಸುತ್ತಿಕೊಂಡು ಮುಖ್ಯ ದಾರವನ್ನೂ ಲೀಡರನ್ನೂ ನಿಧಾನವಾಗಿ, ಜೋರಾಗಿ ಎಳೆಯಿರಿ. ಬರಿಗೈಯಲ್ಲಿ ಬೇಡ, ಬ್ರೇಡ್ ಬೆರಳು ಕೊಯ್ಯುತ್ತದೆ. ಹೆಣಿಗೆ ಬಿಗಿಯಾಗುತ್ತಿದ್ದಂತೆ ಬ್ರೇಡ್‌ನ ಬಣ್ಣ ಗಾಢವಾಗುತ್ತದೆ. ಅದು ಲೀಡರ್ ಒಳಗೆ ಕಚ್ಚಿದ್ದಕ್ಕೆ ಗುರುತು. ಬಣ್ಣ ಬದಲಾಗದಿದ್ದರೆ ಆ ಗಂಟನ್ನು ನಂಬಬೇಡಿ.

ಆಮೇಲೆ ಅದೇ ರೀತಿ ಇನ್ನೂ ನಾಲ್ಕು ಅರೆಗಂಟು, ಒಂದು ಮೇಲಿಂದ ಒಂದು ಕೆಳಗಿಂದ. ಈಗ ಲೀಡರ್ ತುದಿಯನ್ನು ಉಗುರು ಕತ್ತರಿಯಲ್ಲಿ ಬುಡಕ್ಕೇ ಕತ್ತರಿಸಿ. ಕೊನೆಗೆ ಮುಖ್ಯ ದಾರ ಒಂದರ ಮೇಲೇ ಮೂರು ನಾಲ್ಕು ಅರೆಗಂಟು ಹಾಕಿ ಬಾಲ ಕತ್ತರಿಸಿ. ಈ ಕೊನೆಯ ಅರೆಗಂಟುಗಳನ್ನು ಬಿಡಲೇಬೇಡಿ. ದಾರ ಸುತ್ತಿಕೊಳ್ಳುವಾಗ ಲೀಡರ್‌ನ ಮೊಂಡು ತುದಿಯೇ ಮೊದಲು ಉಂಗುರಕ್ಕೆ ಬಡಿಯುತ್ತದೆ. ಅರೆಗಂಟುಗಳು ಅಲ್ಲಿ ಒಂದು ಇಳಿಜಾರು ಮಾಡಿಕೊಡುತ್ತವೆ.

ಕೆಲವರು ತುದಿಯನ್ನು ಲೈಟರ್‌ನಿಂದ ಸುಟ್ಟು ಉಂಡೆ ಮಾಡುತ್ತಾರೆ. ಸಣ್ಣ ಉಂಗುರಕ್ಕೆ ಆ ಉಂಡೆಯೇ ಜಾಸ್ತಿ. ಅದೂ ಅಲ್ಲದೆ ಬ್ರೇಡ್ ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಕರಗುತ್ತದೆ, ಬೆಂಕಿ ಹತ್ತಿರ ಬಂದರೂ ಸಾಕು. ಬೇಡ.

ಹೊರಡುವ ಮುಂಚೆ

ಗಂಟನ್ನು ತುದಿ ಉಂಗುರದಲ್ಲಿ ಬೆರಳಿಂದಲೇ ನಿಧಾನವಾಗಿ ಎಳೆದು ನೋಡಿ. ಹೊರಕ್ಕೆ ಒಂದು ಸಲ, ಒಳಕ್ಕೆ ಒಂದು ಸಲ. ಒಂದೇ ದಿಕ್ಕಿಗೆ ನೋಡಿ ಬಿಟ್ಟರೆ ಅರ್ಧ ಪರೀಕ್ಷೆ. ಸಣ್ಣಗೆ 'ಟಿಕ್' ಅಂದರೆ ಪರವಾಗಿಲ್ಲ, ನಿಂತರೆ ಗಂಟು ಬಿಚ್ಚಿ ಮತ್ತೆ ಹಾಕಿ, ಇಲ್ಲವೇ ಲೀಡರ್ ಒಂದು ಅಳತೆ ಇಳಿಸಿ. ಎಸೆಯುವಾಗ ಗಂಟು ರೀಲಿನ ಒಳಗೆ ಸುತ್ತಿಕೊಂಡಿರಬಾರದು. ಲೀಡರ್ ಉದ್ದವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ಕತ್ತಲಲ್ಲಿ, ಗಾಳಿಯಲ್ಲಿ, ಬಂಡೆ ಮೇಲೆ ನಿಂತು ಎಫ್‌ಜಿ ಹಾಕುವುದು ಕಷ್ಟ. ಅದಕ್ಕೆ ಡಬಲ್ ಯೂನಿ (ಎರಡು ದಾರಗಳೂ ಒಂದರ ಸುತ್ತ ಇನ್ನೊಂದು ಸುತ್ತಿಕೊಂಡು ಕಟ್ಟುವ ಜೋಡಿ ಗಂಟು) ಕಲಿತಿರಿ. ಬ್ರೇಡ್ ಕಡೆ 8 ಸುತ್ತು, ಲೀಡರ್ ಕಡೆ 4. ಎರಡೂ ಕಡೆ ತುದಿ ಚಾಚುವುದರಿಂದ ಹೋಗುವಾಗಲೂ ಬರುವಾಗಲೂ ತಾಗುತ್ತದೆ, ಆದರೆ 12 ಪೌಂಡ್ ಲೀಡರ್‌ವರೆಗೆ ಹೇಗೋ ನಡೆಯುತ್ತದೆ. ನಾನಂತೂ ಮನೆಯಲ್ಲೇ ಎಫ್‌ಜಿ ಹಾಕಿಕೊಂಡು ಹೋಗುತ್ತೇನೆ, ಚೀಲದಲ್ಲಿ ತೆಳು ಲೀಡರ್‌ನ ಒಂದು ಸುರುಳಿ ಬೇರೆ ಇಟ್ಟಿರುತ್ತೇನೆ. ದಡದಲ್ಲಿ ಗಂಟು ಹೋದರೆ ಆ ತೆಳು ಲೀಡರ್‌ಗೆ ಡಬಲ್ ಯೂನಿ ಹಾಕಿ, ಕತ್ತರಿಸಿದ ಚೂರುಗಳನ್ನು ಜೇಬಿಗೆ ಸೇರಿಸಿ, ಮತ್ತೆ ಎಸೆಯುತ್ತೇನೆ.